ಕಿಡಿಯಕ್ಕ ಹಾಕಿದ ಬೆಸುಗೆ ಬಿಟ್ಟಿರಲಿಲ್ಲ

ಹಡಗು ಕಟ್ಟುವ ಯಾರ್ಡಿನಲ್ಲಿ ಅವಳಿಗೆ ಕಿಡಿಯಕ್ಕ ಅಂತಲೇ ಹೆಸರು. ವೆಲ್ಡಿಂಗ್ ಮಾಡುವವಳಾದ್ದರಿಂದ ಹಾಗೆ ಕರೆಯುತ್ತಾರೆ ಎಂದು ಹೊಸಬರು ತಿಳಿಯುತ್ತಿದ್ದರು. ಹಳಬರು ನಗುತ್ತಿದ್ದರು. ಕೈಲಿ ರಾಡ್ ಇಲ್ಲದಿದ್ದಾಗಲೂ ಅವಳಿಂದ ಕಿಡಿ ಹಾರುತ್ತದೆ ಎಂದು ಅವರಿಗೆ ಗೊತ್ತಿತ್ತು. ಐವತ್ತೊಂದು ವಯಸ್ಸು, ಗಿಡ್ಡ ದೇಹ, ಎಡ ಮುಂಗೈ ತುಂಬ ಸಾಸಿವೆ ಚೆಲ್ಲಿದಂಥ ಸುಟ್ಟ ಕಲೆಗಳು. ಅಪ್ಪನ ಗೇಟು-ಗ್ರಿಲ್ಲಿನ ಅಂಗಡಿಯಲ್ಲಿ ಕಲಿತ ಕೆಲಸ. ಯಾರ್ಡಿಗೆ ಬಂದ ಮೊದಲ ದಿನ ಮೇಸ್ತ್ರಿ, "ಹೆಂಗಸು, ಟೀ ಕಾಯಿಸ್ಲಿ" ಅಂದಿದ್ದಕ್ಕೆ, ಅವನೇ ಹಾಕಿದ್ದ ಬೆಸುಗೆಯನ್ನು ಸುತ್ತಿಗೆಯ ಒಂದೇ ಏಟಿಗೆ ಬಿಡಿಸಿ ಅವನ ಕೈಗಿಟ್ಟಿದ್ದಳು. ಅಂದಿನಿಂದ ಅದೇ ಮೇಸ್ತ್ರಿಗೆ ಅವಳು "ಅಕ್ಕ".

ಅವಳು ಕೆಲಸ ಕಲಿಸಿದವರಲ್ಲಿ ಕುಳ್ಳನೂ ಒಬ್ಬ. ಹೆಸರಿಗೆ ಕುಳ್ಳ, ಎತ್ತರ ಆರಡಿ. ನಲವತ್ತರ ಹತ್ತಿರದವನು, ಮಾತಿಗಿಂತ ನಗುವೇ ಜಾಸ್ತಿ. ಎರಡು ವರ್ಷದ ಹಿಂದೆ ಯಾರ್ಡು ಬಿಟ್ಟು, ನಡುಸಮುದ್ರದಲ್ಲಿ ತೈಲಬಾವಿ ಕೊರೆಯುವ ರಿಗ್ಗಿಗೆ ಹೋಗಿದ್ದ. ಒಂದು ಬೆಳಿಗ್ಗೆ ಆ ರಿಗ್ ಸಿಡಿಯಿತು. ಒಂಬತ್ತು ಜನ ಸತ್ತರು, ಕುಳ್ಳನೂ ಸೇರಿ. ಎರಡು ದಿನ ಉರಿದು ರಿಗ್ ಮುಳುಗಿತು. ಒಂದೂವರೆ ಕಿಲೋಮೀಟರ್ ಆಳದಲ್ಲಿ, ಅಪಾಯದ ಹೊತ್ತಿಗೆ ತಾನಾಗಿ ಮುಚ್ಚಿಕೊಳ್ಳಬೇಕಿದ್ದ ಬಾವಿಯ ಕವಾಟಗಳು ಮುಚ್ಚಲಿಲ್ಲ. ಮುರಿದ ಪೈಪಿನಿಂದ ಎಣ್ಣೆ ಉಕ್ಕತೊಡಗಿತು.

ಆರನೇ ದಿನ ತೈಲ ಕಂಪನಿಯವರು ಯಾರ್ಡಿಗೆ ಬಂದರು. ಮೂರಂತಸ್ತಿನ ಮನೆಯಷ್ಟು ಎತ್ತರದ ಉಕ್ಕಿನ ಪೆಟ್ಟಿಗೆ ಬೇಕು. ಅಡಿ ತೆರೆದಿರಬೇಕು, ನೆತ್ತಿಯಲ್ಲಿ ಪೈಪು. ಅದನ್ನು ಸೋರುವ ಜಾಗದ ಮೇಲೆ ಕವುಚಿ, ಒಳಗೆ ತುಂಬಿದ ಎಣ್ಣೆಯನ್ನು ಪೈಪಿನಲ್ಲಿ ಮೇಲಿನ ಹಡಗಿಗೆ ಎಳೆದುಕೊಳ್ಳುವುದು. ಹನ್ನೆರಡು ದಿನದಲ್ಲಿ ಆಗಬೇಕು. ಅವರ ಮುಖ್ಯ ಎಂಜಿನಿಯರು ಊಟಕ್ಕೆ ಕೂತಾಗಲೂ ಬಿಳಿ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಸಂಜೆಯೊಳಗೆ ಅವನಿಗೆ ಹೆಲ್ಮೆಟ್ ಸಾಹೇಬ ಎಂದು ಹೆಸರು ಬಿತ್ತು.

ಕಿಡಿಯಕ್ಕ ನಕ್ಷೆ ಬಿಚ್ಚಿ ನೋಡಿದಳು. ನೆತ್ತಿಯ ಪೈಪಿನ ಮೇಲೆ ಬೆರಳಿಟ್ಟು ಕೇಳಿದಳು:

"ಸಾರ್, ಎಣ್ಣೆ ಜೊತೆ ಗ್ಯಾಸೂ ಬರುತ್ತಲ್ಲ?"

"ಬರುತ್ತೆ."

"ಅಷ್ಟು ಆಳದಲ್ಲಿ ನೀರು ಕೊರೆಯೋ ಹಾಗಿರುತ್ತೆ. ನಮ್ಮ ಗ್ಯಾಸ್ ಸಿಲಿಂಡರಿನ ಮೂತಿಗೇ ಮಂಜು ಕಟ್ಟುತ್ತೆ, ಅದಕ್ಕೇ ಹೀಟರ್ ಹಾಕ್ಕೊಂಡು ಕೆಲಸ ಮಾಡ್ತೀವಿ. ಇಲ್ಲಿ ಹೀಟರೂ ಇಲ್ಲ, ಬಿಸಿನೀರಿನ ಪೈಪೂ ಇಲ್ಲ. ಪೈಪಿನ ಬಾಯಿ ಕಟ್ಟಿಕೊಂಡ್ರೆ?"

ಹೆಲ್ಮೆಟ್ ಸಾಹೇಬ ನಕ್ಷೆ ಸುತ್ತಿದ. "ಅದನ್ನ ಯೋಚಿಸೋಕೆ ನಾವಿದ್ದೀವಿ ಅಮ್ಮ. ನೀವು ಗೆರೆ ಇರೋ ಕಡೆ ಬೆಸುಗೆ ಹಾಕಿ."

ಕಿಡಿಯಕ್ಕ ಹಲ್ಲು ಕಚ್ಚಿದಳು. ಕುಳ್ಳನ ಸಾವಿನ ಬಿಸಿ ಇನ್ನೂ ಆರಿರಲಿಲ್ಲ. ಈ ಹೊತ್ತಲ್ಲಿ ಜಗಳ ಬೇಡ, ಮೊದಲು ಆ ಬಾವಿ ಮುಚ್ಚಲಿ ಅಂದುಕೊಂಡಳು. ಹನ್ನೆರಡು ದಿನ ಮೈಮುರಿದು ದುಡಿದಳು. ದಪ್ಪ ತಗಡಿಗೆ ಒಂದರ ಮೇಲೊಂದು ಹದಿನಾಲ್ಕು ಸುತ್ತು ಬೆಸುಗೆ. ಪ್ರತಿ ಸುತ್ತಿಗೂ ಕರಕಲು ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಮತ್ತೆ ಸುತ್ತು. ಮೂಲೆಗಳನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ಮನೆಗೆ ಹೋದರೆ ಗಂಡ ಬಾಗಿಲಲ್ಲೇ ಕೂತಿರುತ್ತಿದ್ದ. ಅವನು ಮೀನಿನ ಬಲೆ ಹೆಣೆದು ದುರಸ್ತಿ ಮಾಡುವವನು. ಸಮುದ್ರದ ಮೇಲೆ ಎಣ್ಣೆ ಹರಡಿ ದೋಣಿಗಳು ದಡ ಹತ್ತಿ ಕೂತಿದ್ದರಿಂದ ಕೈಗೆ ಕೆಲಸವಿಲ್ಲದೆ, ಇದ್ದ ಬಲೆಯನ್ನೇ ಬಿಚ್ಚಿ ಮತ್ತೆ ಹೆಣೆಯುತ್ತಿದ್ದ.

"ನಿನ್ನ ಪೆಟ್ಟಿಗೆ ಯಾವಾಗ ಇಳಿಯುತ್ತೆ?" ಅಂತ ಇಡೀ ಬೀದಿ ಕೇಳುತ್ತಿತ್ತು.

ಇಳಿಯಿತು. ನಿಂತಿದ್ದು ಒಂದೇ ದಿನ. ಪೆಟ್ಟಿಗೆಯೊಳಗೆ ಮಂಜುಗಡ್ಡೆಯಂಥ ಬಿಳಿ ರಾಡಿ ಕಟ್ಟಿ ಪೈಪಿನ ಬಾಯಿ ಮುಚ್ಚಿಹೋಯಿತು. ಎಣ್ಣೆ ಪಕ್ಕದಿಂದ ಉಕ್ಕಿತು. ಪೆಟ್ಟಿಗೆಯನ್ನು ಮೇಲೆತ್ತಿ ಬದಿಗಿಟ್ಟರು.

ಮಾರನೇ ದಿನ ಕಂಪನಿಯ ವಕ್ತಾರ ಟೀವಿಯಲ್ಲಿ ಮಾತಾಡಿದ. ಯಾರ್ಡಿನ ಕ್ಯಾಂಟೀನಿನಲ್ಲಿ ಎಲ್ಲರೂ ತಟ್ಟೆ ಹಿಡಿದು ನಿಂತು ನೋಡಿದರು. "ಪೆಟ್ಟಿಗೆಯನ್ನು ತರಾತುರಿಯಲ್ಲಿ ತಯಾರಿಸಲಾಗಿತ್ತು. ಬೆಸುಗೆಯ ಗುಣಮಟ್ಟದ ಬಗ್ಗೆ ಅನುಮಾನವಿದೆ."

ಕಿಡಿಯಕ್ಕನ ತಟ್ಟೆ ಮೇಜಿನ ಮೇಲೆ ಬಿದ್ದ ಸದ್ದಿಗೆ ಅಡುಗೆಯವನು ಒಳಗಿನಿಂದ ಓಡಿಬಂದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ! ಇವನ ನಾಲಿಗೆ ಸೇದಿಹೋಗ!"

ಮಧ್ಯಾಹ್ನ ಮೇಸ್ತ್ರಿ ಒಂದು ಕಾಗದ ಹಿಡಿದು ಬಂದ. ಅವನ ಮುಖ ಇಂಗು ತಿಂದ ಮಂಗನಂತಿತ್ತು. ಅವಸರದಲ್ಲಿ ಕೆಲವು ಬೆಸುಗೆಗಳು ಸರಿಯಾಗಿ ಕೂತಿಲ್ಲದಿರಬಹುದು ಎಂದು ಅದರಲ್ಲಿ ಬರೆದಿತ್ತು. ಎಲ್ಲರೂ ಸಹಿ ಹಾಕಬೇಕಂತೆ.

"ಅಕ್ಕ, 'ಇರಬಹುದು' ಅಂತ ತಾನೇ ಇದೆ. ಹಾಕಿಬಿಡು. ಅವರು ಕೆಲಸ ಕೊಡೋ ದೊಡ್ಡೋರು."

"ಹಾಕ್ತೀನಿ. ಮೊದಲು ಪೆಟ್ಟಿಗೆ ಇಲ್ಲಿಗೆ ತರಿಸು. ಒಂದೇ ಒಂದು ಬಿರುಕು ತೋರಿಸ್ಲಿ, ನಾನು ಈ ಕೆಲಸಾನೇ ಬಿಡ್ತೀನಿ. ತೋರಿಸದೆ ಸಹಿ ಕೇಳಿದ್ರೆ ಆ ಕಾಗದ ನಿನಗೇ ತಿನ್ನಿಸ್ತೀನಿ."

ಯಾರೂ ಸಹಿ ಹಾಕಲಿಲ್ಲ. ಪೆಟ್ಟಿಗೆ ಹೇಗೂ ಯಾರ್ಡಿಗೇ ವಾಪಸು ಬರಬೇಕಿತ್ತು, ಬಂತು. ಮೈತುಂಬ ಕಂದು ಎಣ್ಣೆ, ಕೊಳೆತ ಮೊಟ್ಟೆಯ ನಾತ. ಅವಳು, ಅವಳ ಜೊತೆಯವರು ಎರಡು ದಿನ ತೊಳೆದರು. ಆಮೇಲೆ ಹೆಲ್ಮೆಟ್ ಸಾಹೇಬನನ್ನು ಕರೆಸಿ ನಿಲ್ಲಿಸಿ, ಬೆಸುಗೆಗಳ ಮೇಲೆ ಕೆಂಪು ದ್ರವ ಸಿಂಪಡಿಸಿದಳು. ಒರೆಸಿ, ಬಿಳಿ ಸ್ಪ್ರೇ ಹೊಡೆದಳು. ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ಕೂತ ಕೆಂಪು ಹೊರಬಂದು ಬಿಳಿಯ ಮೇಲೆ ಗೆರೆ ಮೂಡಬೇಕು. ಅರ್ಧ ಗಂಟೆ ಕಾದರು. ಬಿಸಿಲಿಗೆ ಸಾಹೇಬನ ಕತ್ತಿನಲ್ಲಿ ಬೆವರು ಇಳಿಯಿತು. ನಾಲ್ಕೂ ಮೂಲೆ ಬೆಳ್ಳಗೆ, ಸುಣ್ಣ ಹೊಡೆದ ಗೋಡೆಯಂತಿದ್ದವು.

"ಸರಿ ಇದೆ," ಅಂದ ಅವನು. ಆಮೇಲೆ ದನಿ ತಗ್ಗಿಸಿ, "ನೀವು ಅವತ್ತು ಕೇಳಿದ್ದು... ಸಿಲಿಂಡರಿನ ಲೆಕ್ಕ ಬೇರೆ. ಸಮುದ್ರದ ತಳದಲ್ಲಿ ಗ್ಯಾಸು ತಣ್ಣೀರಿನ ಜೊತೆ ಸೇರಿ ಹರಳುಗಟ್ಟುತ್ತೆ. ಆದರೆ ಪ್ರಶ್ನೆ ಸರಿ ಇತ್ತು."

"ಸರಿ ಇತ್ತು ಅಂತ ಅವತ್ತೇ ಗೊತ್ತಿತ್ತಾ?"

ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ.

"ಬಾಯಿ ಬಿಡಿ ಸಾರ್. ಗೊತ್ತಿತ್ತಾ?"

"ನಮ್ಮಲ್ಲೂ ಒಬ್ಬರು ಹೇಳಿದ್ರು. ಬದಲಾಯಿಸೋಕೆ ಟೈಮ್ ಇಲ್ಲ ಅಂದ್ರು ಮೇಲಿನವರು."

ಅವಳು ಕೈಲಿದ್ದ ಬಟ್ಟೆಯನ್ನು ನೆಲಕ್ಕೆ ಬಿಸಾಡಿದಳು. "ಟೈಮ್ ಇರ್ಲಿಲ್ಲ! ಆಮೇಲೆ ಟೀವಿಲಿ ನಿಂತು ನಮ್ಮ ಮೇಲೆ ಗೂಬೆ ಕೂರಿಸೋಕೆ ಟೈಮ್ ಇತ್ತು. ನಾನು ಕೆಲಸ ಕಲಿಸಿದವನು ಸುಟ್ಟು ಬೂದಿಯಾದ. ಅವನ ಹೆಂಡತಿಗೆ ಹೂಳೋಕೆ ಹೆಣ ಕೂಡ ಸಿಗ್ಲಿಲ್ಲ. ನಿಮಗೆ ಟೈಮ್ ಬಗ್ಗೆ ಮಾತಾಡೋಕೆ ನಾಚಿಕೆ ಆಗಲ್ವಾ?"

ಸಾಹೇಬ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಅವನ ತಲೆ ಬೋಳಾಗಿರುವುದು ಅಂದೇ ಎಲ್ಲರಿಗೂ ಗೊತ್ತಾಯಿತು. ಯಾರಿಗೂ ನಗು ಬರಲಿಲ್ಲ.

ಮೂರು ದಿನ ಕಳೆದು ಹೊಸ ನಕ್ಷೆ ಬಂತು. ಈ ಸಲ ಸೋರುವ ಪೈಪಿನ ಬಾಯಿಗೆ ಕೂರಿಸುವ ಚಿಕ್ಕ ಉಕ್ಕಿನ ಟೋಪಿ, ಸುತ್ತ ಬಿಸಿನೀರು ಹರಿಸುವ ಪೈಪುಗಳು. ಕಿಡಿಯಕ್ಕ ವೆಲ್ಡಿಂಗಿನ ಮುಖವಾಡ ಮುಟ್ಟಲಿಲ್ಲ.

"ಆ ವಕ್ತಾರ ಇಲ್ಲಿಗೆ ಬಂದು, ಬೆಸುಗೆಯಲ್ಲಿ ತಪ್ಪಿರಲಿಲ್ಲ ಅಂತ ಎಲ್ಲರ ಮುಂದೆ ಹೇಳ್ಬೇಕು."

ಅವತ್ತು ಸಂಜೆ ಗಂಡ ಕೇಳಿದ, "ಅಲ್ಲ ಕಣೇ, ನೀನು ಹಟ ಹಿಡಿದ ಒಂದೊಂದು ದಿನಾನೂ ಎಣ್ಣೆ ಸೋರ್ತಾ ಇರುತ್ತಲ್ಲ?"

ಆ ಮಾತು ಅವಳಿಗೆ ನಾಟಿತು. ಅದೇ ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು: ತಪ್ಪು ಮಾಡಿದವರು ಹಾಯಾಗಿರುವಾಗ, ಸಮುದ್ರದ ಪಾಪವೂ ತನ್ನ ತಲೆಗೇ ಬರಬೇಕೇ? ಬೆಳಿಗ್ಗೆ ಎದ್ದು ಹೋಗಿ ರಾಡ್ ಹಿಡಿದಳು. ಆದರೆ ಷರತ್ತು ಬಿಡಲಿಲ್ಲ, ದಿನಾ ಹೆಲ್ಮೆಟ್ ಸಾಹೇಬ ಬಂದ ಕೂಡಲೇ ಎಲ್ಲರಿಗೂ ಕೇಳುವಂತೆ "ಎಲ್ಲಿ ನಿಮ್ಮ ಮಾತುಗಾರ?" ಎಂದು ಕೂಗುತ್ತಿದ್ದಳು. ನಾಲ್ಕನೇ ದಿನದಿಂದ ಉಳಿದವರೂ ಕೂಗತೊಡಗಿದರು. ಏಳನೇ ದಿನ ವಕ್ತಾರ ಬಂದ. ನೆಲ ನೋಡುತ್ತ ಎರಡು ಸಾಲು ಹೇಳಿದ.

"ಟೀವಿಲಿ ಇದಕ್ಕಿಂತ ಗಟ್ಟಿಯಾಗಿ ಹೇಳಿದ್ರಲ್ಲ?" ಅಂದಳು ಕಿಡಿಯಕ್ಕ. ಅವನು ಮತ್ತೊಮ್ಮೆ ಹೇಳಬೇಕಾಯಿತು. ಟೀವಿಯಲ್ಲಿ ಮಾತ್ರ ಆ ಮಾತು ಎಂದೂ ಬರಲಿಲ್ಲ.

ಟೋಪಿ ಕೂತಿತು. ಅರ್ಧ ಎಣ್ಣೆ ಹಿಡಿಯಿತು. ಪಕ್ಕದಿಂದ ಇನ್ನೊಂದು ಬಾವಿ ಕೊರೆದು ಸಿಮೆಂಟು ತುಂಬಿ, ಎಂಬತ್ತೊಂಬತ್ತನೇ ದಿನ ಸೋರಿಕೆ ಪೂರ್ತಿ ನಿಂತಿತು. ಕಂಪನಿ ಸಮಾರಂಭ ಇಟ್ಟುಕೊಂಡಿತು. ವೇದಿಕೆಯ ಮೇಲೆ ಕಿಡಿಯಕ್ಕನಿಗೂ ಒಂದು ಕುರ್ಚಿ.

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದೋರಿಗೆ ಸನ್ಮಾನ ಬೇರೆ," ಎಂದು ಅವಳು ಕುಳ್ಳನ ಮನೆಗೆ ಹೋದಳು. ಟೀವಿಯಲ್ಲಿ ಅದೇ ಸಮಾರಂಭ ಬರುತ್ತಿತ್ತು, ಕುಳ್ಳನ ಹೆಂಡತಿ ಆರಿಸಲು ಎದ್ದಳು.

"ಇರಲಿ ಬಿಡು. ಏನು ಹೇಳ್ತಾರೆ ಕೇಳೋಣ."

ಒಂದು ಗಂಟೆ ಕೇಳಿದರು. ಸತ್ತ ಒಂಬತ್ತು ಜನರ ಸುದ್ದಿಯನ್ನು ಯಾರೂ ಎತ್ತಲಿಲ್ಲ.

"ಅಕ್ಕ, ತನಿಖಾ ಸಮಿತಿಯವರು ನನ್ನ ಕರೆದಿದ್ದಾರೆ. ಒಬ್ಬಳೇ ಹೋಗೋಕೆ ಧೈರ್ಯ ಸಾಲ್ತಿಲ್ಲ," ಅಂದಳು ಕುಳ್ಳನ ಹೆಂಡತಿ.

"ನಾನು ಬರ್ತೀನಿ. ನನ್ನದೂ ಹೇಳೋದಿದೆ."

ಇಬ್ಬರೂ ಹೋದರು. ಕಿಡಿಯಕ್ಕ ನಕ್ಷೆಯ ಮಾತು, ಕಾಗದದ ಮಾತು, ಹೆಲ್ಮೆಟ್ ಸಾಹೇಬ ಒಪ್ಪಿಕೊಂಡ ಮಾತು ಎಲ್ಲ ಹೇಳಿದಳು. ಒಂದು ವರ್ಷದ ಮೇಲೆ ವರದಿ ಬಂತು, ನಾನೂರು ಪುಟ. ಮೇಸ್ತ್ರಿ ಹುಡುಕಿ ಓದಿದ: ಪೆಟ್ಟಿಗೆಯ ತಯಾರಿಕೆಯಲ್ಲಿ ದೋಷವಿರಲಿಲ್ಲ, ಹರಳುಗಟ್ಟುವ ಎಚ್ಚರಿಕೆಯನ್ನು ಕಡೆಗಣಿಸಲಾಗಿತ್ತು.

"ನೋಡು ಅಕ್ಕ, ಬರೆದಿದ್ದಾರೆ!"

"ಯಾರು ಕಡೆಗಣಿಸಿದ್ರು ಅಂತ ಬರೆದಿದ್ದಾರಾ?"

ಮೇಸ್ತ್ರಿ ಪುಟ ಹಿಂದೆ ಮುಂದೆ ತಿರುವಿದ. "ಇಲ್ಲ."

"ಹಾಗಾದ್ರೆ ಇಟ್ಕೋ ನೀನೇ," ಅಂದು ಕಿಡಿಯಕ್ಕ ಮುಖವಾಡ ಕೆಳಗೆಳೆದುಕೊಂಡಳು.