ಟ್ಯಾಂಕಿಗೆ ತೂತು ಹಾಕುವ ಸೈಫುದ್ದೀನ

ಬೆಳಗಿನ ಆರು ಗಂಟೆ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಇನ್ನೂ ಒಂದು ಶಟರ್ ಎದ್ದಿಲ್ಲ. ರಿಪೇರಿ ಮಿಸ್ತ್ರಿ ಸೈಫುದ್ದೀನ ತಮ್ಮ ತಗಡಿನ ಶೆಡ್ಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಏರ್ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿರುವ ಪುಟ್ಟ ನಲ್ಲಿ ತಿರುಗಿಸುತ್ತಾರೆ. ಚಹಾದ ಬಣ್ಣದ ನೀರು ತೊಟ್ಟಿಕ್ಕುತ್ತದೆ. ಅಂಗೈಯಲ್ಲಿ ಹಿಡಿದು ಉಜ್ಜಿ ತೋರಿಸುತ್ತಾರೆ. ಬರೀ ತುಕ್ಕಿನ ಪುಡಿ.

"ಗಾಳಿ ಒತ್ತಿ ತುಂಬಿದ್ರ ಒಳಗ ನೀರು ಕೂಡತೈತ್ರಿ. ದಿನಾ ತಗೀಬೇಕು. ಇದರ ಮಾಲಕರು ಮೂರು ವರ್ಷದಾಗ ಒಮ್ಮಿನೂ ತಗದಿಲ್ಲ. ಇಲ್ಲೊಂದು ನಲ್ಲಿ ಐತಿ ಅಂತನ ಅವರಿಗೆ ಗೊತ್ತಿಲ್ಲ."

ಮಾಲಕರು ತಿಕೋಟಾದ ಶಿವಯೋಗೆಪ್ಪ. ಒಣದ್ರಾಕ್ಷಿಯ ಕಸಕಡ್ಡಿ ಊದಲು, ಟ್ರ್ಯಾಕ್ಟರ್ ಗಾಲಿಗೆ ಗಾಳಿ ತುಂಬಲು ಮನೆಗೆ ತಂದ ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ಇದು. ಇಟ್ಟಿರುವುದು ಎಮ್ಮೆ ಕಟ್ಟುವ ಕೊಟ್ಟಿಗೆಯಲ್ಲಿ. ಟ್ಯಾಂಕಿನ ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿದೆ. ವೆಲ್ಡಿಂಗ್ ಮಾಡಿಕೊಡಿ ಎಂದು ನಿನ್ನೆ ಬಿಟ್ಟು ಹೋಗಿದ್ದಾರೆ.

ಅದಕ್ಕಿಂತ ಕೆಟ್ಟದ್ದು ಮೇಲ್ಗಡೆ ಇದೆ. ಒತ್ತಡ ಮಿತಿಮೀರಿದರೆ ತಾನಾಗಿ ತೆರೆದು ಗಾಳಿ ಹೊರಬಿಡುವ ಸೇಫ್ಟಿ ವಾಲ್ವ್ ಇರಬೇಕಾದ ಜಾಗದಲ್ಲಿ ಒಂದು ಬೋಲ್ಟು ಬಿಗಿದಿದೆ. ವಾಲ್ವ್ ಚೀರಿದಾಗಲೆಲ್ಲ ಎಮ್ಮೆ ಬೆದರಿ ಹಾಲು ಬಿಡುತ್ತಿರಲಿಲ್ಲವಂತೆ. ನನಗೆ ನಗು ಬಂತು. ಸೈಫುದ್ದೀನರಿಗೆ ಬರಲಿಲ್ಲ.

"ತುಂಬಿದ ಮ್ಯಾಲ ಮೋಟರ್ ತಾನ ಬಂದ್ ಆಗಬೇಕ್ರಿ. ಅದರ ಸ್ವಿಚ್ ಕೆಟ್ಟೈತಿ. ಅದಕ್ಕ ವಾಲ್ವ್ ಚೀರಾಕತ್ತಿತ್ತು. ಇವರು ಸ್ವಿಚ್ ಬದಲಿ ಮಾಡೂದು ಬಿಟ್ಟು ಚೀರೂದನ್ನ ಬಂದ್ ಮಾಡ್ಯಾರ."

ಸೈಫುದ್ದೀನರಿಗೆ ಈಗ ಐವತ್ತೆಂಟು. ಮನೆ ಜೋರಾಪುರ ಪೇಟೆಯಲ್ಲಿ. ದಿನಕ್ಕೆ ಮೂರೋ ನಾಲ್ಕೋ ಕಂಪ್ರೆಸರ್ ಬರುತ್ತವೆ. ಯಾವ ಟ್ಯಾಂಕನ್ನೂ ಅವರು ಗಾಳಿಯಿಂದ ಪರೀಕ್ಷಿಸುವುದಿಲ್ಲ. ಕಂಠಮಟ್ಟ ನೀರು ತುಂಬಿ ಕೈಪಂಪಿನಿಂದ ಒತ್ತಡ ಕೊಡುತ್ತಾರೆ. ನೀರು ತುಂಬಿದ್ದು ಸೀಳಿದರೆ ನೆಲ ಒದ್ದೆಯಾಗುತ್ತದೆ, ಗಾಳಿ ತುಂಬಿದ್ದು ಸೀಳಿದರೆ ಹೆಣ ಬೀಳುತ್ತದೆ ಎನ್ನುತ್ತಾರೆ. ಈ ಪರೀಕ್ಷೆಯಲ್ಲಿ ಸೋತ ಟ್ಯಾಂಕನ್ನು ಹಾಗೇ ಮರಳಿಸುವುದೂ ಇಲ್ಲ. ಮಾಲಕರನ್ನು ಒಪ್ಪಿಸಿ, ಮತ್ತೆಲ್ಲೂ ತೇಪೆ ಹಾಕಿಸಿ ಬಳಸಲಾಗದಂತೆ, ಹೆಬ್ಬೆರಳು ತೂರುವಷ್ಟು ದೊಡ್ಡ ತೂತು ಕೊರೆದೇ ಕೊಡುತ್ತಾರೆ. ಈ ವರ್ಷ ಹನ್ನೊಂದಾಗಿವೆ. ಹನ್ನೊಂದು ಸಲವೂ ಬೈಸಿಕೊಂಡಿದ್ದಾರೆ.

ಯಾಕಿಷ್ಟು ಹಟ ಎಂದರೆ ಎಡಗಿವಿ ಮುಟ್ಟಿಕೊಳ್ಳುತ್ತಾರೆ. ಅದು ಕೇಳಿಸುವುದಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ, ಕೆಲಸ ಕಲಿಸಿದ ಉಸ್ತಾದ ಶಾಂತಪ್ಪನವರ ಅಂಗಡಿಯಲ್ಲಿ ಟ್ಯಾಂಕು ಒಡೆಯಿತು. ಶಾಂತಪ್ಪ ಉಳಿಯಲಿಲ್ಲ. "ತುಕ್ಕು ತಿಂದ ತಗಡಿಗೆ ವೆಲ್ಡಿಂಗ್ ಹಚ್ಚಿದಾಂವ ನಾನ ಇದ್ದೆ ನೋಡ್ರಿ," ಎನ್ನುತ್ತಾರೆ.

ನನಗೆ ಸಿಟ್ಟು ಬರುವುದು ಇಲ್ಲೇ. ತುಕ್ಕಿನ ಮೇಲೆ ನೀಲಿ ಬಣ್ಣ ಬಳಿದು, 'ಏನೂ ಆಗಂಗಿಲ್ಲ, ಒಯ್ರಿ' ಎಂದು ಈ ಹಳೇ ಟ್ಯಾಂಕನ್ನು ಶಿವಯೋಗೆಪ್ಪನವರಿಗೆ ಮಾರಿದ ಮಹಾಶಯ ಇವತ್ತೂ ನೆಮ್ಮದಿಯಿಂದ ಉಂಡು ಮಲಗುತ್ತಾನೆ. ತಡೆಯಲು ನಿಂತವನಿಗೆ ಬೈಗುಳ. ಒಡೆದ ಮೇಲೆ ಕ್ಯಾಮರಾ ಹಿಡಿದು ಓಡುವವರು ನಾವು ಪತ್ರಿಕೆಯವರು. ಒಡೆಯದಂತೆ ನೋಡಿಕೊಂಡವನ ಶೆಡ್ಡಿಗೆ ಬರಲು ನನಗೇ ಇಷ್ಟು ವರ್ಷ ಬೇಕಾಯಿತು. ನಾಚಿಕೆಯಾಗುತ್ತದೆ.

ಒಂಬತ್ತಕ್ಕೆ ಶಿವಯೋಗೆಪ್ಪ ಹೆಂಡತಿ ಗುರುಸಿದ್ದವ್ವನ ಜೊತೆ ಬರುತ್ತಾರೆ. ನೀರಿನ ಪರೀಕ್ಷೆಯಲ್ಲಿ ಟ್ಯಾಂಕು ಮತ್ತೆರಡು ಕಡೆ ಜಿನುಗಿದ್ದನ್ನು ಸೈಫುದ್ದೀನ ತೋರಿಸುತ್ತಾರೆ.

"ನೀ ಮಾಡಾಂವಲ್ಲಂದ್ರ ಬಿಡಪಾ ಮಿಸ್ತ್ರಿ. ಟ್ಯಾಂಕ್ ಕೊಡು, ಮುಂದಿನ ಅಂಗಡ್ಯಾಗ ಹಚ್ಚಿಸ್ಕೋತೀನಿ," ಎಂದು ಶಿವಯೋಗೆಪ್ಪ ಗುರುಗುಡುತ್ತಾರೆ.

ಸೈಫುದ್ದೀನ ಗುರುಸಿದ್ದವ್ವನನ್ನು ಕೇಳುತ್ತಾರೆ: "ಯಕ್ಕಾ, ಹಾಲು ಹಿಂಡಾಕ ನೀವು ಎಲ್ಲಿ ಕುಂದರ್ತೀರಿ? ಇದು ಎಷ್ಟು ದೂರ ಇರತೈತಿ?"

ಗುರುಸಿದ್ದವ್ವ ಟ್ಯಾಂಕಿನ ಪಕ್ಕ ಕುಕ್ಕರಿಸಿ, ಹಿಂಡುವವರಂತೆ ಎರಡೂ ಕೈ ಮುಂದೆ ಚಾಚುತ್ತಾರೆ. ಮೊಣಕೈ ಟ್ಯಾಂಕಿಗೆ ತಗಲುತ್ತದೆ. ಅವರು ಹಾಗೇ ಕುಳಿತಿದ್ದಾರೆ. ಶಿವಯೋಗೆಪ್ಪ ಆ ಮೊಣಕೈಯನ್ನು ನೋಡುತ್ತ ನಿಲ್ಲುತ್ತಾರೆ.

"ತೂತು ಹಾಕ್ರಿ," ಎನ್ನುತ್ತಾರೆ ಗುರುಸಿದ್ದವ್ವ, ಗಂಡನನ್ನು ಕೇಳದೆ. "ಹೊಸಾ ಟ್ಯಾಂಕಿನ ವಾಲ್ವ್ ಚೀರಿ ಎಮ್ಮಿ ಒಂದಿನ ಹಾಲು ಬಿಡಲಿಲ್ಲಂದ್ರ ನಡೀತೈತಿ. ಹಿಂಡಾಕ ನಾ ಇರಬೇಕಲ್ರಿ."

ಶಿವಯೋಗೆಪ್ಪ ತಲೆ ತಗ್ಗಿಸಿ, ಹೂಂ ಎನ್ನುತ್ತಾರೆ. ಡ್ರಿಲ್ ತಗಡಿಗೆ ಇಳಿಯುತ್ತದೆ. ಹನ್ನೆರಡನೆಯದು.

ಹೊರಡುವಾಗ ಫೋಟೊ ಕೇಳುತ್ತೇನೆ. ಸೈಫುದ್ದೀನ ಬೇಡವೆಂದು ಕೈಯಾಡಿಸಿ, ವಾಲ್ವಿನ ಜಾಗದಿಂದ ಬಿಚ್ಚಿಟ್ಟ ಆ ಬೋಲ್ಟನ್ನು ನನ್ನ ಅಂಗೈಗೆ ಹಾಕುತ್ತಾರೆ.

"ನಂದು ಬ್ಯಾಡ್ರಿ. ಪೇಪರಿನ್ಯಾಗ ಇದರ ಫೋಟೊ ಹಾಕ್ರಿ. ಯಾರದರ ಮನ್ಯಾಗ ಇಂಥಾದು ಬಿಗದಿದ್ರ, ನೋಡಿ ಇವತ್ತ ಬಿಚ್ಚಲಿ."