ಹೆಬ್ಬೆಟ್ಟಿನ ಅಪೀಲು

ಗೆಳೆಯರೇ, ಇವತ್ತು ಅರ್ಧ ದಿನ ಇಲ್ಲಿನ ಸಣ್ಣ ಜೈಲಿನಲ್ಲಿ ಕಳೆದೆ. ಗಾಬರಿಯಾಗಬೇಡಿ, ವಕೀಲನಾಗಿ ಹೋಗಿದ್ದೆ.

ಒಳಗಿದ್ದವರು ಕಾರ್ಗಲ್ ಕಡೆಯ ತಿಮ್ಮಪ್ಪ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮನೆ ಮುಳುಗುವ ಮೊದಲು ಹಿತ್ತಲಿನ ಹಲಸಿನ ಮರ ಕಡಿದು, ಹೊಸ ಮನೆಗೆಂದು ದಿಮ್ಮಿ ತಂದಿದ್ದರು. ಅದು ಸರ್ಕಾರಿ ಕಾಡಿನ ಮರವೆಂದು ಮೂರು ತಿಂಗಳ ಸಜೆಯಾಗಿದೆ. ವಕೀಲರನ್ನಿಡುವ ಶಕ್ತಿ ಅವರಿಗಿರಲಿಲ್ಲ. ನಿನ್ನೆ ಅವರ ಹೆಂಡತಿ ದ್ಯಾವಮ್ಮ ನಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳಿದರು.

"ಅಪೀಲು ಮಾಡೋಕೆ ವಕೀಲರನ್ನಿಟ್ಟು ಶಿವಮೊಗ್ಗಕ್ಕೇ ಹೋಗ್ಬೇಕು" ಎಂದರು ಜೈಲರು. ಖೈದಿ ಕೊಟ್ಟ ಅಪೀಲನ್ನು ಜೈಲಿನವರೇ ಮೇಲಿನ ಕೋರ್ಟಿಗೆ ಕಳಿಸಬೇಕೆಂದು ಕಾನೂನಿನ ಪುಸ್ತಕ ತೆರೆದು ತೋರಿಸಿದೆ.

"ಇವನಿಗೆ ಸಹಿ ಬರಲ್ವಲ್ಲ ವಕೀಲರೇ."

"ಹೆಬ್ಬೆಟ್ಟು ಇದೆಯಲ್ಲ."

ಅವರು ಪುಟವನ್ನು ಎರಡು ಸಲ ಓದಿ, ಶಾಯಿ ತರಿಸಿದರು.

"ಮರ ನಿಮ್ಮದೇ ಅಂತ ಕೋರ್ಟಲ್ಲಿ ಯಾಕೆ ಹೇಳ್ಲಿಲ್ಲ?" ಎಂದು ತಿಮ್ಮಪ್ಪನವರನ್ನು ಕೇಳಿದೆ.

"ತಪ್ಪು ಮಾಡಿದೀಯಾ ಅಂದ್ರು, ಇಲ್ಲ ಅಂದೆ. ಮರ ಯಾರದ್ದು ಅಂತ ಯಾರೂ ಕೇಳ್ಲಿಲ್ಲ ಸ್ವಾಮಿ."

ನಾನು ಅಪೀಲು ಬರೆದು ಓದಿ ಹೇಳಿದ ಮೇಲೆ ಅವರೇ ಒಂದು ಸಾಲು ಸೇರಿಸಿದರು: "ಮರದ ಬುಡ ನೀರೊಳಗೈತೆ. ಬೇಸಗೇಲಿ ನೀರು ಇಳಿದಾಗ ಜಡ್ಜ್ ಸಾಹೇಬ್ರು ಬಂದ್ರೆ ತೋರಿಸ್ತೀನಿ."

"ಆ ಸಾಲು ತೆಗೀರಿ" ಎಂದರು ಜೈಲರು.

"ಅಪೀಲು ಅವರದ್ದು" ಎಂದೆ. ಸಾಲು ಉಳಿಯಿತು.

ಸಂಜೆಯ ಟಪಾಲಿನಲ್ಲಿ ಅಪೀಲು ಹೊರಟಿತು. ಬಾಗಿಲಲ್ಲಿ ಕಾದಿದ್ದ ದ್ಯಾವಮ್ಮ ಬೆಳಗಿನಿಂದ ಮೊದಲ ಸಲ ನಕ್ಕರು. ಜಡ್ಜ್ ಸಾಹೇಬರಿಗೆ ಕೆಸರು ತುಳಿಯುವ ಅಭ್ಯಾಸ ಇದೆಯೋ ಇಲ್ಲವೋ ತಿಳಿಯದು, ಆಹ್ವಾನವಂತೂ ಸರ್ಕಾರಿ ಮೊಹರಿನೊಂದಿಗೇ ಹೋಗಿದೆ.