ನೂರಕ್ಕೆ ಅರವತ್ತು

ಕೊಂಡಾಪುರದ ನಮ್ಮ ಮಳೆ ಮುನ್ಸೂಚನೆ ಕಚೇರಿಗೆ ಕೃಷಿ ಅಧಿಕಾರಿಯೊಬ್ಬರು ಬಂದಿದ್ದರು. ಮುಂಗಾರಿಗೆ ನಾರಾಯಣಪೇಟೆ ಕಡೆಯ, ಕನ್ನಡ ಮಾತಾಡುವ ಗಡಿ ಹಳ್ಳಿಗಳಿಗೆ ಹತ್ತಿ ಬೀಜ ಕಳಿಸಬೇಕೋ ತೊಗರಿಯೋ ಎಂದು ಅವರು ಅಂದೇ ಬರೆದುಕೊಡಬೇಕಿತ್ತು. ಮಳೆ ಕಡಿಮೆಯಾದರೆ ತೊಗರಿ ತಡೆದುಕೊಳ್ಳುತ್ತದೆ, ಹತ್ತಿ ಸೊರಗುತ್ತದೆ. ವಾಡಿಕೆಗಿಂತ ಕಡಿಮೆ ಮಳೆಯಾಗುವ ಸಾಧ್ಯತೆ ನೂರಕ್ಕೆ ಅರವತ್ತು ಎಂದು ನಾನು ತಿಳಿಸಿದೆ.

“ಅಂದರೆ ಮಳೆ ಕಡಿಮೆಯೋ ಅಲ್ಲವೋ?” ಎಂದು ಅವರು ತೆಲುಗಿನಲ್ಲಿ ಕೇಳಿದರು. “ಫಾರಂನಲ್ಲಿ ಒಂದೇ ಬೆಳೆಗೆ ಜಾಗವಿದೆ.”

ಮೂರು ನಕ್ಷೆ ತೋರಿಸಿ ಅದನ್ನೇ ಮೂರು ಸಲ ಹೇಳಿದೆ. ಅವರ ಪೆನ್ನು ಅಲ್ಲಾಡಲಿಲ್ಲ.

ಆ ಹಳ್ಳಿಗಳ ರೈತರ ಪರವಾಗಿ ಬಂದಿದ್ದ ಶಾಂತಮ್ಮ ಕನ್ನಡದಲ್ಲಿ ನನಗೆ ಹೇಳಿದರು: “ತಮ್ಮಾ, ಸಾಹೇಬ್ರಿಗೆ ಹೇಳು. ಬಿತ್ತೂದಕ್ಕ ಮೊದ್ಲ ನಾವು ಒದ್ದಿ ಗೋಣಿಚೀಲದಾಗ ನೂರು ಕಾಳು ಇಟ್ಟು ಮೊಳಕಿ ಎಣಸ್ತೀವಿ. ಅರವತ್ತು ಮೊಳತ್ರ ಬೀಜ ಒಗ್ಯಾಂಗಿಲ್ಲ, ದಟ್ಟ ಬಿತ್ತತೀವಿ. ಮಳಿ ಲೆಕ್ಕಾನೂ ಹಂಗ. ತೊಗರಿ ಹೆಚ್ಚು ಕಳಸ್ಲಿ, ಹತ್ತಿನೂ ಸ್ವಲ್ಪ ಇರ್ಲಿ.”

ನಾನು ಅದನ್ನು ತೆಲುಗಿಗೆ ತಿರುಗಿಸಿದೆ.

“ಅರವತ್ತೇ ಮೊಳೆತರೂ ಬಿತ್ತುತ್ತಾರಾ?” ಎಂದರು ಅಧಿಕಾರಿ.

ಶಾಂತಮ್ಮನಿಗೆ ತೆಲುಗು ಅರ್ಥವಾಗಿತ್ತು. “ನೂರೂ ಹುಟ್ಟಲಿ ಅಂತ ಕುಂತ್ರ ಹೊಲ ಬೀಳು ಬೀಳತೈತ್ರಿ,” ಎಂದು ನಕ್ಕರು. ಅದನ್ನೂ ತಿರುಗಿಸಿದೆ.

ಅಧಿಕಾರಿ ಆ ಒಂದೇ ಜಾಗದಲ್ಲಿ ‘ತೊಗರಿ’ ಎಂದು ಬರೆದು, ಅಂಚಿನಲ್ಲಿ ಸಣ್ಣದಾಗಿ ‘ಸ್ವಲ್ಪ ಹತ್ತಿ’ ಎಂದು ಸೇರಿಸಿ ಸಹಿ ಹಾಕಿದರು.

ಈಗ ನಾನು ಸಭೆಗಳಿಗೆ ನಕ್ಷೆಯ ಬದಲು ಒದ್ದೆ ಗೋಣಿಚೀಲದಲ್ಲಿ ಕೆಲವು ದಿನ ಮೊದಲೇ ಮೊಳಕೆಗಿಟ್ಟ ನೂರು ಕಾಳು ಒಯ್ಯುತ್ತೇನೆ. ಮೇಜು ನೆನೆಯಿತೆಂದು ಒಬ್ಬಿಬ್ಬರು ಗೊಣಗಿದರೂ ಮೊಳಕೆ ಎಣಿಸಲು ಎಲ್ಲರೂ ಬಾಗುತ್ತಾರೆ. ಒಮ್ಮೆ ಮಾತ್ರ ನೂರೂ ಮೊಳೆತುಬಿಟ್ಟವು. ಆ ದಿನ ‘ನೂರಕ್ಕೆ ಅರವತ್ತು’ ಎಂದರೇನೆಂದು ವಿವರಿಸಲು ಬಹಳ ಕಷ್ಟವಾಯಿತು.